ಐನೂರರ ತನಕ ಎಣಿಸಿದವಳು

"ಇನ್ನೂರ ಹನ್ನೊಂದು. ನೀನು ಹೇಡಿ. ಇನ್ನೂರ ಹನ್ನೆರಡು. ಬಾಯಿ ಬಿಟ್ಟು ಒಂದು ಮಾತು ಕೇಳೋಕೆ ಆಗದ ಹೇಡಿ. ಇನ್ನೂರ ಹದಿಮೂರು."

"ಬಯ್ಯೋದಾದ್ರೆ ಬಯ್ಯಿ, ಎಣಿಕೆ ತಪ್ಪಿಸಬೇಡ!" ಬಚ್ಚಲಿನ ಒಳಗಿನಿಂದ ಕಿರುಚಿದೆ.

"ನನ್ನ ಎಣಿಕೆ ಯಾವತ್ತು ತಪ್ಪಿದೆ? ಇನ್ನೂರ ಹದಿನಾಲ್ಕು."

ಅವಳು ಮುಚ್ಚಿದ ಬಾಗಿಲಿನ ಆಚೆ, ಕುರ್ಚಿಯಲ್ಲಿ. ನಾನು ಒಳಗೆ, ನನ್ನ ಕೈ ನನಗೇ ಕಾಣದ ಕತ್ತಲಲ್ಲಿ, ಫಿಲ್ಮಿನ ಎರಡೂ ತುದಿ ಹಿಡಿದು, ಚಿತ್ರ ಮೂಡಿಸುವ ಡೆವಲಪರ್ ನೀರಿನ ತಟ್ಟೆಯಲ್ಲಿ ಉಯ್ಯಾಲೆಯಂತೆ ಆಡಿಸುತ್ತಿದ್ದೆ. ಐನೂರರ ತನಕ ಹೀಗೆ ಆಡಿಸಬೇಕು. ಆಮೇಲೆ ಮೂಡಿದ್ದನ್ನು ಅಳಿಯದಂತೆ ನಿಲ್ಲಿಸುವ ಫಿಕ್ಸರ್ ತಟ್ಟೆ, ಅಲ್ಲಿ ಇನ್ನು ಮುನ್ನೂರು. ಅಷ್ಟರೊಳಗೆ ಬಾಗಿಲು ಕೂದಲೆಳೆಯಷ್ಟು ತೆರೆದರೂ ಹನ್ನೆರಡು ಚಿತ್ರಗಳೂ ಮಸಿ.

ಈ ವಿದ್ಯೆಯನ್ನು ನನಗೆ ಯಾರೂ ಹೇಳಿಕೊಟ್ಟಿಲ್ಲ. ವಾರವೆಲ್ಲ ಲೇತ್ ಮೆಷಿನ್ ಮುಂದೆ ಕಬ್ಬಿಣ ಕೊರೆಯುವವನು ನಾನು. ಹಳೆ ಸಾಮಾನಿನ ಅಂಗಡಿಯ ಒಂದು ಕ್ಯಾಮೆರಾ, ಅರ್ಧ ಹರಿದ ಒಂದು ಪುಸ್ತಕ, ಇವೇ ನನ್ನ ಗುರುಗಳು. ಪೇಟೆಯಲ್ಲಿ ಸ್ಟುಡಿಯೋ ಇತ್ತು. ಹೋಗಿ ಕೇಳಬಹುದಿತ್ತು. ಕೇಳಲಿಲ್ಲ. ಇನ್ನೊಬ್ಬರ ಮುಂದೆ ನಿಂತು 'ನನಗೆ ಗೊತ್ತಿಲ್ಲ' ಅನ್ನುವುದಕ್ಕಿಂತ ಹನ್ನೊಂದು ರೋಲ್ ಕೆಡಿಸುವುದು ನನಗೆ ಸುಲಭವಾಗಿತ್ತು. ಮುಳ್ಳು ಮಿನುಗುವ ವಾಚು ಕಟ್ಟಿಕೊಂಡೇ ಒಳಗೆ ಹೋಗಿ ಒಂದು ರೋಲ್ ಹಾಳು ಮಾಡಿದೆ. ವಾಚು ಬಿಚ್ಚಿಟ್ಟು ನಾನೇ ಎಣಿಸಿದರೆ ಲೆಕ್ಕ ತಪ್ಪುತ್ತಿತ್ತು. ಒಂದು ಸಲ ಸಿಟ್ಟು ನೆತ್ತಿಗೇರಿ ತಟ್ಟೆಯನ್ನೇ ಒದ್ದೆ.

ಆ ನೀರು ಕೆಳಗಿನ ಮನೆಗೆ ಸೋರಿತು. ಆ ಮನೆಯ ಮಗಳು ಟೈಲರ್. ಹೊಲಿಯುತ್ತಿದ್ದ ಬಿಳಿ ಅಂಗಿಯ ಮೇಲೆ ಬಿದ್ದ ಕಂದು ಕಲೆಯನ್ನು ತೋರಿಸಲು ಮೆಟ್ಟಿಲೇರಿ ಬಂದಳು.

"ಏನ್ ಸ್ವಾಮಿ, ಮೇಲೆ ಕೂತು ಕಷಾಯ ಕಾಯಿಸ್ತಿದ್ದೀರಾ?"

ವಿಷಯ ಹೇಳಿದೆ. ಅವಳು ಅಂಗಿಯಿಂದ ಬಾಯಿ ಮುಚ್ಚಿಕೊಂಡು ನಕ್ಕಳು.

"ಇಷ್ಟು ದೊಡ್ಡವರಿಗೆ ಎಣಿಸೋಕೆ ಬರಲ್ವಾ? ಬಾಗಿಲು ಹಾಕ್ಕೊಳ್ಳಿ. ನಾನು ಎಣಿಸ್ತೀನಿ."

ಹೊಲಿಗೆ ಮೆಷಿನ್ ತುಳಿಯುವ ಹಾಗೆ ನೆಲಕ್ಕೆ ಪಾದ ತಟ್ಟುತ್ತ, ಒಂದೊಂದು ಅಂಕಿಗೂ ಒಂದು ಉಸಿರು ಬಿಟ್ಟು, ಎಣಿಸಿದಳು. ನನ್ನ ಜೀವನದ ಮೊದಲ ಒಳ್ಳೆಯ ನೆಗೆಟಿವ್ ಅವತ್ತು ಬಂತು.

ಆಮೇಲೆ ಎರಡು ವರ್ಷ, ಪ್ರತಿ ರಜಾದಿನ. 'ನೀವು' ಹೋಗಿ 'ನೀನು' ಆಯಿತು. ನನಗೆ ಅವಳು ಟೈಲರಮ್ಮ, ಅವಳಿಗೆ ನಾನು ಕತ್ತಲೆರಾಯ. ಹಗ್ಗಕ್ಕೆ ನೇತುಹಾಕಿದ ಫಿಲ್ಮನ್ನು ಒಂದು ಕಣ್ಣು ಮುಚ್ಚಿ ನೋಡುವಳು. ತೆರೆದ ಇನ್ನೊಂದು ಕಣ್ಣನ್ನು ಮೆಲ್ಲಗೆ ನನ್ನ ಕಡೆ ತಿರುಗಿಸುವಳು. ಒಮ್ಮೆ ಅವಳೇ ನನ್ನ ಚಿತ್ರ ತೆಗೆದಿದ್ದಳು.

"ನೆಗೆಟಿವ್‌ನಲ್ಲೇ ಚೆನ್ನಾಗಿದ್ದೀಯ. ಪ್ರಿಂಟ್ ಮಾಡಿ ಕೆಡಿಸಬೇಡ."

ತನ್ನ ಚಿತ್ರ ತೆಗೆಯಲು ಮಾತ್ರ ಬಿಟ್ಟಿರಲಿಲ್ಲ. ಹೋದ ವಾರ, ಕೇಳದೆಯೇ, ತನ್ನ ಹೊಲಿಗೆ ಮೆಷಿನ್ನನ್ನು ಕಿಟಕಿಯ ಬಳಿಗೆ ಎಳೆದು ಬೆಳಕಿನಲ್ಲಿ ಕೂತಳು. "ತೆಗಿ," ಅಂದಳು. ಯಾಕೆ ಅಂತ ನಾನು ಕೇಳಲಿಲ್ಲ. ನನ್ನ ಕೈಯಲ್ಲಿ ಈಗ ಇದ್ದದ್ದು ಆ ಹನ್ನೆರಡು ಚಿತ್ರ.

"ಮುನ್ನೂರ ಇಪ್ಪತ್ತು. ನನ್ನನ್ನ ನೋಡೋಕೆ ಅತ್ತೆ ಕಡೆಯವರು ಬಂದು ಕೆಳಗೆ ಕೂತಿದ್ದಾರೆ. ಹುಡುಗನೂ ಬಂದಿದ್ದಾನೆ. ಅವರು ಏಳೋದರೊಳಗೆ ಅಪ್ಪ ಮಾತು ಕೊಟ್ಟುಬಿಡ್ತಾರೆ. ನಿನ್ನ ಮೇಲೆ ಅಪ್ಪಂಗೆ ಕೋಪ ಇಲ್ಲ. ಒಂದು ಮಾತು ಬಂದು ಕೇಳ್ಲಿ ಅಂತ ಕಾಯ್ತಿದ್ದಾರೆ. ಮುನ್ನೂರ ಇಪ್ಪತ್ತೊಂದು."

"ಅವರಿಗೇ ಎಲ್ಲಾ ಗೊತ್ತಿದೆಯಲ್ಲ! ನಾನು ಹೋಗಿ ಕೈಕಟ್ಟಿ ನಿಂತು ಬೇರೆ ಕೇಳಬೇಕಾ?"

"ಕೇಳಬೇಕು! ಸ್ಟುಡಿಯೋದವರನ್ನ ಕೇಳಲ್ಲ, ಅಪ್ಪನ್ನ ಕೇಳಲ್ಲ. ಹೋಗಲಿ, ನನ್ನನ್ನಾದ್ರೂ ಒಂದು ದಿನ ಕೇಳಿದ್ದೀಯಾ?"

ನಾನು ಫಿಲ್ಮನ್ನು ಆಡಿಸುತ್ತಲೇ ಇದ್ದೆ. ಆಚೆ ಅವಳ ಪಾದ ಎಣಿಕೆ ಬಿಡದೆ ನೆಲ ತಟ್ಟುತ್ತಿತ್ತು.

"ಇದೊಂದು ಮುಗೀಲಿ, ಬರ್ತೀನಿ," ಎಂದೆ.

"ಮುಗಿಯೋ ಹೊತ್ತಿಗೆ ಅದೂ ಮುಗಿದಿರುತ್ತೆ. ಈಗ ಬಾ."

"ಈಗ ಬಾಗಿಲು ತೆಗೆದ್ರೆ ನೀನೇ ಹೋಗ್ತೀಯ! ಹನ್ನೆರಡರಲ್ಲೂ ಇರೋದು ನೀನೇ!"

"ಅಲ್ಲಿ ಹನ್ನೆರಡು ಸಲ ಇದ್ದೀನಿ, ಸರಿ. ಇಲ್ಲಿ ಒಬ್ಬಳೇ ಕೂತಿದ್ದೀನಿ."

ಒದ್ದೆ ಕೈಯನ್ನು ಚಿಲಕದ ತನಕ ಚಾಚಿದೆ. ಮತ್ತೆ ಹಿಂದಕ್ಕೆ ತೆಗೆದುಕೊಂಡೆ.

ಬೆಳಕು ಒಳಹೋಗದ ಮುಚ್ಚಳದ ಡಬ್ಬಿ ಅಂತ ಒಂದಿದೆ. ಫಿಲ್ಮನ್ನು ಅದರೊಳಗೆ ಸುತ್ತಿಟ್ಟು ಮುಚ್ಚಿದರೆ ಸಾಕು, ಬಿಸಿಲಲ್ಲಿ ನಿಂತು ತೊಳೆಯಬಹುದು. ಡಬ್ಬಿ ಅಲುಗಿಸುತ್ತಲೇ ಮೆಟ್ಟಿಲಿಳಿದು ಯಾರ ಅಪ್ಪನನ್ನು ಬೇಕಾದರೂ ಮಾತಾಡಿಸಬಹುದು. ಸ್ಟುಡಿಯೋದಲ್ಲಿ ಕೇಳಿದ್ದರೆ ಒಂದೇ ನಿಮಿಷದಲ್ಲಿ ತೋರಿಸುತ್ತಿದ್ದರು. ನನಗೆ ಅದು ಗೊತ್ತಾಗುವ ಹೊತ್ತಿಗೆ ಅವಳು ಎರಡು ಮಕ್ಕಳ ತಾಯಿ.

ಅವಳು ಮತ್ತೆ ಬಯ್ಯಲಿಲ್ಲ. ನಾನೂರು ದಾಟಿದಳು. ದನಿ ತಣ್ಣಗಾಗಿತ್ತು. ಸಿಟ್ಟು ಇಳಿಯಿತು ಅಂದುಕೊಂಡೆ. ಮೂರ್ಖ ನಾನು. ಒಂದು ಅಂಕಿಯನ್ನೂ ನುಂಗದೆ, ಒಂದನ್ನೂ ಅವಸರ ಮಾಡದೆ, ಒಂದೊಂದಕ್ಕೂ ಒಂದು ಉಸಿರು ಕೊಟ್ಟು ಎಣಿಸಿದಳು.

"ನಾನೂರ ತೊಂಬತ್ತೊಂಬತ್ತು. ಐನೂರು. ಎತ್ತು."

ಎತ್ತಿದೆ. ಫಿಕ್ಸರ್‌ಗೆ ಇಳಿಸಿದೆ.

"ಇನ್ನು ಮುನ್ನೂರೇ, ಟೈಲರಮ್ಮ. ಆಮೇಲೆ ಇಬ್ಬರೂ ಕೆಳಗೆ ಹೋಗೋಣ. ನಾನು ಕೇಳ್ತೀನಿ. ಶುರು ಮಾಡು."

ಕುರ್ಚಿ ಸರಿದ ಸದ್ದಾಯಿತು.

'ಒಂದು' ಅಂದದ್ದು ಅವಳಲ್ಲ, ಅವಳ ಚಪ್ಪಲಿ. ಎರಡು. ಮೂರು. ನಿಧಾನವಾಗಿ, ಅವಳು ಎಣಿಸುವಷ್ಟೇ ನಿಧಾನವಾಗಿ, ಮೆಟ್ಟಿಲಿಳಿಯತೊಡಗಿತು. ಕೂಗಲು ಬಾಯಿ ತೆರೆದೆ. ಕೂಗಿದರೆ ಲೆಕ್ಕ ತಪ್ಪುತ್ತದೆ ಅಂತ ಮುಚ್ಚಿಕೊಂಡೆ.

ಹದಿನಾರು ಮೆಟ್ಟಿಲು. ಹದಿನಾರಕ್ಕೆ ಸದ್ದು ನಿಂತಿತು. ಉಳಿದ ಇನ್ನೂರ ಎಂಬತ್ತನಾಲ್ಕನ್ನು, ನೆಲಕ್ಕೆ ಪಾದ ತಟ್ಟುತ್ತ, ನಾನೇ ಎಣಿಸಿದೆ. ಅವಳು ಮತ್ತೆ ಆ ಮೆಟ್ಟಿಲು ಹತ್ತಲಿಲ್ಲ.