ಮನೆಗೊಂದೇ ಸೀಟು

"ಹೆಸರು ಬರೆಯೋ ಮುಂಚೆ ಒಂದ್ಸಲ ಯೋಚನೆ ಮಾಡು! ಗಂಡ ಮನೇಲಿ ಕೂತು, ಹೆಂಡತಿ ಮೆಷಿನ್ ನಡೆಸೋದನ್ನ ನೋಡೋಕೆ ನಾನು ಇಷ್ಟು ದಿನ ಬದುಕಿರಬೇಕಿತ್ತಾ?"

ಅತ್ತೆ ಅರ್ಜಿಯ ಮೇಲೆ ಅಂಗೈ ಊರಿಬಿಟ್ಟಿದ್ದರು. ಸೊಸೆಯ ಕೈಯಲ್ಲಿ ಪೆನ್ನು ಹಾಗೆಯೇ ನಿಂತಿತ್ತು. ಕೆಲಸದಿಂದ ಬಂದು ಅವಳಿನ್ನೂ ಮುಖ ತೊಳೆದಿರಲಿಲ್ಲ. ಕೂದಲಿಗೆ, ತೋಳಿಗೆ ಬಟ್ಟೆಯ ನೂಲು ಅಂಟಿಕೊಂಡೇ ಇತ್ತು.

ಗಂಡ ಹೆಂಡತಿ ಇಬ್ಬರದೂ ಒಂದೇ ಬಟ್ಟೆ ಕಾರ್ಖಾನೆ. ಅವನು ಇಪ್ಪತ್ತಾರು ವರ್ಷದಿಂದ ಅಲ್ಲಿ ಕಟಿಂಗ್ ಮಾಸ್ಟರ್. ಅವನು ಕತ್ತರಿಸಿದ ತುಂಡುಗಳಿಗೆ ನಂಬರು ಹಾಕಿ ಕಟ್ಟು ಕಟ್ಟುವುದು ಅವಳ ಕೆಲಸ. ಈಗ ಬಂದಿರುವ ಕಂಪ್ಯೂಟರ್ ಮೆಷಿನ್ನು ಎರಡನ್ನೂ ತಾನೇ ಮಾಡುತ್ತದೆ. ನಾಲ್ಕು ತಿಂಗಳಲ್ಲಿ ಹಳೆಯ ಮೇಜುಗಳನ್ನೆಲ್ಲ ತೆಗೆಯುತ್ತಾರಂತೆ. ತರಬೇತಿ ಪಡೆದು ಪರೀಕ್ಷೆ ಪಾಸಾದವರಿಗೆ ಮಾತ್ರ ಕಾಯಂ ಕೆಲಸ. ಆ ತರಬೇತಿಗೆ ಮನೆಗೊಂದೇ ಸೀಟು! ಪ್ರಯೋಗಕ್ಕೆಂದು ತಂದ ಮೊದಲ ಮೆಷಿನ್ನನ್ನು ವರ್ಷದ ಹಿಂದೆ ಅವಳ ಮೇಜಿನ ಪಕ್ಕದಲ್ಲೇ ಇಟ್ಟಿದ್ದರು. ಕಟ್ಟು ಕಟ್ಟುತ್ತಲೇ ನೋಡಿ ನೋಡಿ ಅವಳು ಮುಕ್ಕಾಲು ಪಾಲು ಕಲಿತಿದ್ದಳು. ತರಬೇತಿ ಕೊಡುವ ಹುಡುಗಿ ತಾನೇ ಅರ್ಜಿ ತಂದುಕೊಟ್ಟು, "ನೀವು ಬರಲೇಬೇಕು ಅಕ್ಕಾ" ಎಂದು ಹೇಳಿ ಹೋಗಿದ್ದಳು.

"ಅದಲ್ಲ ಅತ್ತೆ, ಅವರಿಗೆ ಕಂಪ್ಯೂಟರ್ ಅಂದ್ರೆ..."

"ಅಂದ್ರೆ? ನನ್ನ ಮಗ ದಡ್ಡ ಅಂತೀಯಾ? ಮೂಗಿಗಿಂತ ಮೂಗುತಿ ಭಾರ ಆಗಬಾರದು ಕಣೇ!"

ಗಂಡ ಗೋಡೆಯ ಕಡೆಗೆ ಮುಖ ಮಾಡಿ ಅಂಗಿ ತಗುಲಿಹಾಕುತ್ತಿದ್ದ. ಒಂದು ಅಂಗಿ ತಗುಲಿಹಾಕಲು ಅಷ್ಟು ಹೊತ್ತು ಬೇಕೇ? ಅವನ ಕಿವಿಗಳು ಕೆಂಪಾಗಿದ್ದವು. ಅದನ್ನು ಕಂಡು ಅವಳು ಅತ್ತೆಯ ಕೈಯನ್ನು ಮೆಲ್ಲಗೆ ಸರಿಸಿ, ಅವನ ಹೆಸರನ್ನೇ ಬರೆದಳು.

ಅವನು ದಿನಾ ಗಡ್ಡ ಹೆರೆದುಕೊಂಡು, ಶಾಲೆಗೆ ಹೋಗುವವನ ಹಾಗೆ ತಲೆ ಬಾಚಿಕೊಂಡು ತರಬೇತಿಗೆ ಹೋದ. ಬರುವಾಗ ಮಾತ್ರ ಹೆಗಲು ಇಳಿಬಿಟ್ಟುಕೊಂಡು ಬರುತ್ತಿದ್ದ. ಅವನು ಕಣ್ಣು ಕಿರಿದು ಮಾಡುವುದನ್ನು ನೋಡಿದ ಆ ಹುಡುಗಿ, ಯಾರಿಗೂ ಹೇಳದೆ ಅವನ ಪರದೆಯ ಅಕ್ಷರಗಳನ್ನು ದೊಡ್ಡದು ಮಾಡಿಟ್ಟಿದ್ದಳಂತೆ. ಸಂಜೆ ಹೆಂಡತಿ ಒಂದು ಹಾಳೆಯ ಮೇಲೆ ಆ ಪರದೆಯನ್ನೇ ಬರೆದು ಅವನ ಮುಂದೆ ಹರಡುತ್ತಿದ್ದಳು.

"ಇದು ಒತ್ತಿದ್ರೆ?" ಎಂದು ಒಂದು ಸಂಜೆ ಅವನು ಕೇಳಿದ.

"ಅಳತೆ ಬರುತ್ತೆ."

"ಈ ದುಂಡಗಿರೋದು?"

"ಅದು ಟೀ ಚೆಲ್ಲಿದ ಕಲೆ ರೀ."

ಇಬ್ಬರೂ ನಕ್ಕುಬಿಟ್ಟಿದ್ದರು. ಆ ತಿಂಗಳುಗಳಲ್ಲಿ ಆ ಮನೆಯಲ್ಲಿ ಕೇಳಿದ ನಗು ಅದೊಂದೇ ಇರಬೇಕು.

ಪರೀಕ್ಷೆಯ ದಿನ ಅವನು ಒಂದೂ ಗುಂಡಿ ತಪ್ಪಿ ಒತ್ತಲಿಲ್ಲ. ಆದರೆ ಕೈಯಿಂದ ಕತ್ತರಿಸುವವರಿಗೆ ಒಂದು ರೂಢಿಯಿದೆ. ಅಡಿಯ ಪದರ ಜಾರುತ್ತದೆಂದು, ಹೊಲಿಗೆಗೆ ಬೇಕಾಗುತ್ತದೆಂದು, ಅಳತೆಗಿಂತ ಅರ್ಧ ಬೆರಳು ಹೆಚ್ಚು ಬಿಡುತ್ತಾರೆ. ಅವನು ಪ್ರತಿ ಅಳತೆಗೂ ಆ ಅರ್ಧ ಬೆರಳು ಸೇರಿಸಿದ. ಮೆಷಿನ್ನು ತಾನು ಬಿಡಬೇಕಾದ ಅಂಚನ್ನು ತಾನೂ ಸೇರಿಸಿತು. ನಲವತ್ತು ಪದರ ಬಟ್ಟೆ ಹಾಳು!

"ಮಾಸ್ಟರೇ, ಈ ಅಂಗಿಯೊಳಗೆ ಗಂಡ ಹೆಂಡತಿ ಸಂಸಾರಾನೇ ಮಾಡಬಹುದು!" ಎಂದು ಯಾರೋ ಕೂಗಿದರು. ಹುಡುಗಿ ಅವರನ್ನು ಗದರಿಸಿ, ಶುಕ್ರವಾರ ಇನ್ನೊಂದು ಸಲ ಬನ್ನಿ ಎಂದಳು. ಆಗಲೂ ಆಗದಿದ್ದರೆ ಮನೆಯ ಸೀಟೇ ಹೋಗುತ್ತದೆ ಎನ್ನುವುದನ್ನು ತಲೆ ತಗ್ಗಿಸಿಕೊಂಡು ಹೇಳಿದಳು.

ಸುದ್ದಿ ಕೇಳಿದ ಅತ್ತೆ ಸೊಸೆಯ ಮೇಲೆ ಹರಿಹಾಯ್ದರು. "ನೀನೇ ತಪ್ಪು ಹೇಳಿಕೊಟ್ಟಿದ್ದೀಯ! ಬೇಕು ಬೇಕೂಂತಲೇ... ನನ್ನ ಮಗನ ಅನ್ನಕ್ಕೆ ಮಣ್ಣು ಹಾಕಿದೆಯಲ್ಲೇ!"

ಸೊಸೆ ತಾನು ಬರೆದ ಪರದೆಯ ಹಾಳೆಯನ್ನು ಮಡಚಿಟ್ಟಳು. ಅಳುವುದಕ್ಕೂ ಮೈಯಲ್ಲಿ ಒಂದಿಷ್ಟು ಕಸುವು ಬೇಕಲ್ಲ...

"ಅಮ್ಮಾ, ಸಾಕು!" ಮಗನ ದನಿ ಏರಿದ್ದನ್ನು ಆ ಮನೆ ಕೇಳಿಯೇ ಇರಲಿಲ್ಲ. "ಅಂಚು ಮೆಷಿನ್ನೇ ಬಿಡುತ್ತೆ ಅಂತ ಅವಳು ಹತ್ತು ಸಲ ಹೇಳಿದ್ದಳು. ತಲೆಗೆ ಗೊತ್ತಿತ್ತಮ್ಮ... ಕೈ ಕೇಳಲಿಲ್ಲ." ಆಮೇಲೆ ಹೆಂಡತಿಯ ಕಡೆ ತಿರುಗಿದ. "ಶುಕ್ರವಾರ ನೀನು ಹೋಗು. ಆ ಹುಡುಗಿ ಆಗಬಹುದು ಅಂದಳು, ಸೀಟು ನಿನ್ನ ಹೆಸರಿಗೆ ಬಿಟ್ಟುಕೊಟ್ಟು ಸಹಿ ಹಾಕಿ ಬಂದಿದ್ದೀನಿ."

"ಮತ್ತೆ ನೀವು?"

"ಮೆಷಿನ್ನಿಗೆ ಬಟ್ಟೆ ಹಾಸೋಕೆ ದಿನಗೂಲಿಗೆ ಜನ ಬೇಕಂತೆ."

"ಮಾಸ್ಟರ್ ಆಗಿದ್ದೋರು ಹಾಸೋ ಕೆಲಸಕ್ಕಾ? ಬೇಡ ರೀ... ಇನ್ನೊಂದು ಸಲ ನೋಡಿ! ನಾನು ಕೂತು ಹೇಳಿಕೊಡ್ತೀನಿ!"

"ನನಗೆ ಸಾಕಾಗಿದೆ ಕಣೇ," ಎಂದ. ಕೋಪವಿರಲಿಲ್ಲ ಅದರಲ್ಲಿ. ದೊಡ್ಡ ಹೊರೆಯನ್ನು ಕೆಳಗಿಟ್ಟವನು ಆಡುವ ಮಾತಿನ ಹಾಗಿತ್ತು.

ಅತ್ತೆ ಗೋಡೆ ಹಿಡಿದು ಎದ್ದು ಒಲೆಯ ಕಡೆ ನಡೆದರು. ಸೊಸೆಯ ಮುಖ ನೋಡದೆಯೇ, "ಶುಕ್ರವಾರ ಎಷ್ಟು ಗಂಟೆಗೆ ಹೋಗಬೇಕು? ಅಲ್ಲೀವರೆಗೂ ಒಲೆ ಕಡೆ ನೀನು ಬರಬೇಡ" ಎಂದರು. ಅವರ ಬಾಯಿಂದ ಅದಕ್ಕಿಂತ ದೊಡ್ಡ ಮಾತು ಬರುವಂತಿರಲಿಲ್ಲ. ಸೊಸೆಗೂ ಅದು ಅರ್ಥವಾಯಿತು.

ಅವಳು ಪಾಸಾದಳು.

ಸೋಮವಾರ ಬೆಳಿಗ್ಗೆ ಉದ್ದ ಮೇಜಿನ ಈ ತುದಿಯಲ್ಲಿ ಅವಳು, ಆ ತುದಿಯಲ್ಲಿ ಅವನು. ಒಂದೊಂದೇ ಪದರ ಎಳೆದು ಹಾಸಿದ. ಅಂಚಿಗೆ ಅಂಚು ಕೂಡಿಸಿದ. ಬೇರೆ ಯಾರು ಹಾಸಿದರೂ ಎಲ್ಲೋ ಒಂದು ಸುಕ್ಕು ಉಳಿಯುತ್ತಿತ್ತು. ಅವನು ಹಾಸಿದ ಬಟ್ಟೆ ನಿಂತ ನೀರಿನ ಹಾಗಿತ್ತು. ಹಾಸಿ ಮುಗಿದ ಮೇಲೂ ಅವನ ಬಲಗೈ ಬಟ್ಟೆಯ ಮೇಲೆಯೇ ಇತ್ತು, ಸವರುತ್ತಿತ್ತು. ಅವಳ ಬೆರಳು ಹಸಿರು ಗುಂಡಿಯ ಮೇಲಿತ್ತು. ಮದುವೆಯಾದಂದಿನಿಂದ ಅವನಿಗೆ ಹೀಗೆ ಮಾಡಿ ಎಂದು ಜೋರಾಗಿ ಒಂದು ಮಾತು ಹೇಳಿದವಳಲ್ಲ ಅವಳು. ಅವನು ತಾನಾಗಿಯೇ ಕೈ ತೆಗೆದಾನೆಂದು ಕಾದಳು. ಅವಳ ಹಿಂದೆ ನಿಂತ ಮೇಸ್ತ್ರಿ ಗಡಿಯಾರ ನೋಡುತ್ತಿದ್ದ.

"ರೀ... ಕೈ ತೆಗೀರಿ."

ಮೆಷಿನ್ನುಗಳ ಸದ್ದಿನಲ್ಲಿ ಅವನಿಗೆ ಕೇಳಿಸಲಿಲ್ಲ.

"ಕೈ ತೆಗೀರಿ!" ಎಂದು ಕೂಗಿದಳು.

ಅವನು ಬೆಚ್ಚಿ ತಲೆ ಎತ್ತಿದ. ಸಣ್ಣಗೆ ನಕ್ಕು, ಎರಡೂ ಕೈಗಳನ್ನು ಬೆನ್ನ ಹಿಂದೆ ಕಟ್ಟಿಕೊಂಡು ಒಂದು ಹೆಜ್ಜೆ ಹಿಂದೆ ಸರಿದು ನಿಂತ. ಅವಳು ಗುಂಡಿ ಒತ್ತಿದಳು.