ಎಡಬದಿಯ ಒಂದೂವರೆ ಇಂಚು

1998ರ ಸೆಪ್ಟೆಂಬರ್ 11, ಶುಕ್ರವಾರ. ಮಧ್ಯಾಹ್ನ 1.20ಕ್ಕೆ ಶಿವಾಜಿನಗರದ ಠಾಣೆಗೆ ದೂರು ಬಂತು. ದೂರುದಾರನ ಹೆಸರು ಭೀಮೇಶ್, ವಯಸ್ಸು ಇಪ್ಪತ್ತಾರು, ಎಂ.ಎ. ಇತಿಹಾಸ, ಕೆ.ಆರ್. ಪುರದ ಆಚೆಗಿನ ಹಳ್ಳಿಯವನು. ಇಸ್ತ್ರಿ ಮಾಡಿದ ಬಿಳಿ ಷರ್ಟು, ಕಂಕುಳಲ್ಲಿ ಅಂಕಪಟ್ಟಿಗಳ ಫೈಲು. ಜೇಬುಗಳ್ಳರು ಮತ್ತು ಮಾಂಸದಂಗಡಿಯ ಜಗಳಗಳಲ್ಲೇ ಮುಳುಗೇಳುತ್ತಿದ್ದ ಠಾಣೆಗೆ ಇವನ ಕಷ್ಟ ಏನೆಂದು ತಿಳಿಯಲು ಕಾಲು ಗಂಟೆ ಹಿಡಿಯಿತು.

“ಬೆನ್ಸನ್ ಟೌನ್ ಇನ್‌ಸ್ಟಿಟ್ಯೂಟಲ್ಲಿ ಪಿಎಚ್.ಡಿ. ಇಂಟರ್‌ವ್ಯೂ ಇತ್ತು ಸಾರ್. ಹೋದ್ರೆ ನನ್ ಹೆಸರಿಗೆ ಕೆಂಪು ಗೆರೆ ಎಳ್ದಿದಾರೆ. ನಾನೇ ಲೆಟರ್ ಬರ್ದು ಸೀಟು ಬೇಡ ಅಂದಿದೀನಂತೆ.”

“ಬರ್ದಿದ್ರಾ?” ಇನ್ಸ್‌ಪೆಕ್ಟರ್ ನಿಂಗಣ್ಣ ಕೇಳಿದರು.

“ಇಲ್ಲ ಸಾರ್. ಇರೋದೇ ಒಂದು ಸೀಟು. ಎರಡು ವರ್ಷದಿಂದ ಕಾಯ್ತಿದೀನಿ.”

“ಈಗ ಯಾರಿಗೆ ಹೋಯ್ತು?”

“ಎರಡನೇ ಕ್ಯಾಂಡಿಡೇಟ್‌ಗೆ. ಹನ್ನೆರಡಕ್ಕೇ ಲಿಸ್ಟ್ ಹಾಕ್ಬಿಟ್ರು.”

ನಕಲಿ ಸಹಿ ಮಾಡಿ ಅದನ್ನು ಬಳಸಿದ ಅಪರಾಧಕ್ಕೆ, ಕಲಂ 465 ಮತ್ತು 471ರ ಅಡಿ ಎಫ್‌ಐಆರ್ ದಾಖಲಾಯಿತು. ಆ ಎರಡನೆಯವನೇ ಕಳ್ಳ ಎಂದು ಇಡೀ ಠಾಣೆ ತೀರ್ಮಾನಿಸಿಬಿಟ್ಟಿತು. ಲಾಭ ಯಾರಿಗೋ ಅಪರಾಧ ಅವರದು ಎಂಬ ಲೆಕ್ಕ ಪೊಲೀಸರಿಗೆ ನೀರು ಕುಡಿದಷ್ಟು ಸಲೀಸು. ಆದರೆ ಆ ಹುಡುಗ ಧಾರವಾಡದಿಂದ ಶುಕ್ರವಾರ ಬೆಳಗ್ಗೆ ರೈಲಿಳಿದು ಬಂದವನು. ಭೀಮೇಶ್ ಎಂಬುವನೊಬ್ಬ ಇದ್ದಾನೆಂಬುದೇ ಅವನಿಗೆ ತಿಳಿದಿರಲಿಲ್ಲ.

ಮಧ್ಯಾಹ್ನ 3.10ಕ್ಕೆ ನಿಂಗಣ್ಣ ಸಂಸ್ಥೆಗೆ ಹೋಗಿ ಪತ್ರವನ್ನು ಪಂಚನಾಮೆ ಮಾಡಿ ವಶಕ್ಕೆ ಪಡೆದರು. ಅದು ಇಂಗ್ಲಿಷಿನಲ್ಲಿ ಟೈಪಾಗಿತ್ತು, ಅರ್ಜಿ ಸಂಖ್ಯೆ ಸರಿಯಾಗಿತ್ತು, ಲಕೋಟೆಯ ಮೇಲೆ ಶಿವಾಜಿನಗರದ ಅಂಚೆ ಮುದ್ರೆಯಿತ್ತು. ಸಂಸ್ಥೆಯ ಗುಮಾಸ್ತ ಶ್ರೀರಾಮಪ್ಪ ಮೂವತ್ತು ವರ್ಷ ಸಂಶೋಧಕರ ಕಾಗದಗಳನ್ನೇ ನೋಡಿ ಕಣ್ಣು ಸವೆಸಿಕೊಂಡ ಮನುಷ್ಯ. ಪತ್ರವನ್ನು ಇನ್ನೊಮ್ಮೆ ನೋಡಿ ಅವನೇ ಬಾಯಿಬಿಟ್ಟ.

“ಸಾರ್, ಎಡಗಡೆ ನೋಡಿ. ಒಂದೂವರೆ ಇಂಚು ಜಾಗ ಬಿಟ್ಟಿದಾರೆ. ಸಾಲು ಸಾಲಿಗೂ ಡಬಲ್ ಸ್ಪೇಸು.”

“ಅದಕ್ಕೇನು?”

“ಥೀಸಿಸ್‌ಗೆ ಮಾತ್ರ ಹಂಗೆ ಬಿಡೋದು ಸಾರ್, ಬೈಂಡಿಂಗ್ ಮಾಡಕ್ಕೆ. ನಾಲ್ಕು ಸಾಲಿನ ಲೆಟರ್‌ನ ಯಾರು ಬೈಂಡ್ ಮಾಡ್ತಾರೆ? ಇದು ಥೀಸಿಸ್ ಟೈಪ್ ಮಾಡೋರ ಕೈ.”

ಠಾಣೆಗೆ ವಾಪಸಾಗಿ ನಿಂಗಣ್ಣ ಭೀಮೇಶನನ್ನು ಕೂರಿಸಿಕೊಂಡರು.

“ನಿನ್ ಅರ್ಜಿ ನಂಬರ್ ಯಾರಿಗೆ ಗೊತ್ತು?”

“ಮನೇಲಿರೋರಿಗೆ ಅಷ್ಟೇ ಸಾರ್.”

“ಥೀಸಿಸ್ ಟೈಪ್ ಮಾಡೋರು ಯಾರಾದ್ರೂ ಪರಿಚಯ ಇದಾರಾ?”

ಭೀಮೇಶ್ ಅಂಕಪಟ್ಟಿಗಳ ಫೈಲನ್ನು ಕಂಕುಳಿಂದ ತೆಗೆದು ತೊಡೆಯ ಮೇಲಿಟ್ಟುಕೊಂಡ. ಆಮೇಲೆ, “ನಮ್ಮಕ್ಕ ಸಾರ್” ಎಂದ.

ಸೆಪ್ಟೆಂಬರ್ 14, ಸೋಮವಾರ, ಬೆಳಗ್ಗೆ 10.40. ರಸೆಲ್ ಮಾರ್ಕೆಟ್ ಹಿಂದಿನ ಗಲ್ಲಿಯಲ್ಲಿ ಸುಭದ್ರಮ್ಮನ ಟೈಪಿಂಗ್ ಅಂಗಡಿ. ನಿಂಗಣ್ಣ ಮತ್ತು ಮಹಿಳಾ ಕಾನ್ಸ್‌ಟೇಬಲ್ ಶಂಶುನ್ನೀಸಾ ಒಳಗೆ ಹೋದಾಗ ಭೀಮೇಶನ ಅಕ್ಕ ಭಾಗ್ಯಲಕ್ಷ್ಮಿ ಯಾರದೋ ಥೀಸಿಸ್‌ನ ಐದನೇ ಅಧ್ಯಾಯದಲ್ಲಿದ್ದಳು. ವಯಸ್ಸು ಮೂವತ್ತು, ಮದುವೆಯಾಗಿಲ್ಲ. ಪತ್ರವನ್ನು ಮುಂದೆ ಹಿಡಿದಾಗ ಅವಳು ಓದುವ ಗೋಜಿಗೇ ಹೋಗಲಿಲ್ಲ.

“ಇದು ನೀವು ಟೈಪ್ ಮಾಡಿದ್ದಾ?”

“ಹೌದು.”

“ಸಹಿ?”

“ಅದೂ ನಂದೇ. ಅವ್ನ ಸಹಿ ಚಿಕ್ಕಂದಿನಿಂದ ನೋಡಿದೀನಿ.”

“ಯಾಕಮ್ಮಾ, ಸ್ವಂತ ತಮ್ಮ ಅಲ್ವಾ?” ಶಂಶುನ್ನೀಸಾ ತಡೆಯಲಾರದೆ ಕೇಳಿದಳು.

ಭಾಗ್ಯಲಕ್ಷ್ಮಿ ಊಟದ ಡಬ್ಬಿಯ ಚೀಲದಿಂದ ಹಳದಿಗಟ್ಟಿದ ರಿಜಿಸ್ಟರ್ಡ್ ಲಕೋಟೆಯೊಂದನ್ನು ತೆಗೆದಳು. ಒಳಗಿದ್ದದ್ದು ಅದೇ ಸಂಸ್ಥೆಯ ಪತ್ರ. 1991ರ ಜುಲೈ 8ರಂದು ಪಿಎಚ್.ಡಿ. ಸಂದರ್ಶನಕ್ಕೆ ಬರಬೇಕೆಂದು ಕುಮಾರಿ ಭಾಗ್ಯಲಕ್ಷ್ಮಿ, ಎಂ.ಎ., ಇವರನ್ನು ಕರೆದಿದ್ದರು.

“ಹೋದ ತಿಂಗಳು ಇವ್ನ ಜಾತಿ ಸರ್ಟಿಫಿಕೇಟ್ ಹುಡುಕ್ತಾ ಅಪ್ಪನ ಟ್ರಂಕ್ ತೆಗ್ದೆ. ತಳದಲ್ಲಿತ್ತು. ಸೆಲೆಕ್ಟೇ ಆಗಿಲ್ಲ ಅನ್ಕೊಂಡಿದ್ದೆ ಸಾರ್ ನಾನು. ನಾನೇ ದಡ್ಡಿ ಅನ್ಕೊಂಡು ಇಲ್ಲಿಗೆ ಬಂದು ಕೂತೆ. ನಲವತ್ತೊಂದು ಥೀಸಿಸ್ ಟೈಪ್ ಮಾಡಿದೀನಿ. ತಪ್ಪು ತಿದ್ದಿ ಕೊಟ್ಟಿದೀನಿ. ನಲವತ್ತೊಂದು ಜನ ಡಾಕ್ಟರಾದ್ರು.”

ಟೈಪ್‌ರೈಟರನ್ನು ಪಂಚನಾಮೆ ಮಾಡಿ ಜಪ್ತಿ ಮಾಡಲಾಯಿತು. 11.55ಕ್ಕೆ ದಸ್ತಗಿರಿ. ಐದನೇ ಅಧ್ಯಾಯ ಯಾರು ಮುಗಿಸಬೇಕು ಎಂದು ಸುಭದ್ರಮ್ಮ ಗೊಣಗಿದಳು. ಅವಳ ಚಿಂತೆ ಅವಳಿಗೆ.

ಒಂದು ಗಂಟೆಯ ಹೊತ್ತಿಗೆ ತಂದೆ ದೊಡ್ಡಮುನಿಯಪ್ಪ ಮಗನ ಜೊತೆ ಠಾಣೆಗೆ ಬಂದರು. ಭೀಮೇಶ್ ಬೆಳಗ್ಗೆಯಿಂದ ಸಂಸ್ಥೆಯಲ್ಲಿದ್ದು ನೇರ ಅಲ್ಲಿಂದಲೇ ಬಂದಿದ್ದ. ನಿಂಗಣ್ಣ ಹಳೆಯ ಲಕೋಟೆಯನ್ನು ಮೇಜಿನ ಮೇಲಿಟ್ಟರು.

“ಮಗಳಿಗೆ ಬಂದ ಕಾಗದ ಯಾಕೆ ಬಚ್ಚಿಟ್ರಿ?”

“ಆವಾಗ ಮದ್ವೆ ಮಾತು ನಡೀತಿತ್ತು ಸಾರ್. ಹುಡ್ಗ ಪಿಯುಸಿ. ಇವ್ಳು ಡಾಕ್ಟ್ರೇಟ್ ಮಾಡ್ತಾಳೆ ಅಂದ್ರೆ ಒಪ್ತಿದ್ನಾ?”

“ಮದ್ವೆ ಆಯ್ತಾ?”

“ಇಲ್ಲ ಸಾರ್. ಎಂ.ಎ.ನೇ ಜಾಸ್ತಿ ಆಯ್ತು ಅಂದ್ರು.”

“ರಿಜಿಸ್ಟರ್ಡ್ ಪೋಸ್ಟ್ ಇದು. ಮನೇಲಿ ಸಹಿ ಹಾಕಿ ತಗೊಂಡಿದ್ದು ಯಾರು?”

ದೊಡ್ಡಮುನಿಯಪ್ಪ ಮಗನ ಕಡೆ ನೋಡಿದರು.

“ನಾನು,” ಭೀಮೇಶ್ ಹೇಳಿದ. “ಅಕ್ಕಂಗೆ ಹೇಳ್ಬೇಡ ಅಂದ್ರು ಅಪ್ಪ.”

“ಏಳು ವರ್ಷ?”

ಬೆಂಚಿನ ಮೇಲೆ ಕೂತಿದ್ದ ಭಾಗ್ಯಲಕ್ಷ್ಮಿಗೆ ತಮ್ಮನಿಗೂ ಗೊತ್ತಿತ್ತೆಂಬುದು ಆವರೆಗೂ ತಿಳಿದಿರಲಿಲ್ಲ. ಅವಳ ಮುಖ ಬಿಳಿಚಿಕೊಂಡಿತು. ಹದಿನೇಳು ವರ್ಷ ನೌಕರಿ ಮಾಡಿದ ನಿಂಗಣ್ಣನವರಿಗೆ ಆ ಮುಖ ನೋಡಲಾಗಲಿಲ್ಲ. ಅವರು ಭೀಮೇಶನ ಕಡೆಯೇ ತಿರುಗಿದರು.

“ರಾಜಿ ಆಗ್ತೀಯೇನಪ್ಪಾ? ನಿಮ್ಮಕ್ಕ. ಜೈಲಾಗುತ್ತೆ.”

“ಆಗಲ್ಲ ಸಾರ್. ಇವತ್ತು ಡೈರೆಕ್ಟರ್‌ನ ನೋಡ್ದೆ. ಸಹಿ ನಕಲಿ ಅಂತ ಕೋರ್ಟ್ ಹೇಳಿದ್ರೆ ಮುಂದಿನ ಬ್ಯಾಚ್‌ಗೆ ಇಂಟರ್‌ವ್ಯೂ ಇಲ್ದೆ ತಗೋತಾರಂತೆ. ಅಕ್ಕಂಗೆ ಶಿಕ್ಷೆ ಆಗ್ಲೇಬೇಕು. ಒಪ್ಕೊಂಡ್ಬಿಟ್ರೆ ಬೇಗ ಮುಗಿಯುತ್ತೆ.” ಅವನು ಮೊದಲ ಬಾರಿಗೆ ಅವಳ ಕಡೆ ನೋಡಿದ. “ಅಕ್ಕಾ, ಒಪ್ಕೊಂಬಿಡಕ್ಕಾ.”

ಭಾಗ್ಯಲಕ್ಷ್ಮಿ ತಮ್ಮನ ಕಡೆಯಿಂದ ಮುಖ ತಿರುಗಿಸಿದಳು. ಇನ್ಸ್‌ಪೆಕ್ಟರನ್ನು ಕೇಳಿದಳು.

“ಪೊಲೀಸರ ಮುಂದೆ ಹೇಳಿದ್ದು ಕೋರ್ಟಲ್ಲಿ ನಡಿಯಲ್ಲ ಅಲ್ವಾ ಸಾರ್? ಕಾನೂನಿನ ಥೀಸಿಸ್ ಮೂರು ಟೈಪ್ ಮಾಡಿದೀನಿ.”

“ನಡಿಯಲ್ಲ.”

“ನಾನು ಒಪ್ಕೊಳಲ್ಲ. ವಾಯಿದೆ ಮೇಲೆ ವಾಯಿದೆ ಕೇಳ್ತೀನಿ. ಎಷ್ಟು ವರ್ಷ ಎಳೀಬೋದು?”

“ಆರು. ಏಳು.”

“ಏಳು ಸಾಕು,” ಎಂದಳು.

ಕೇಸ್ ಡೈರಿಯಲ್ಲಿ ಅಪರಾಧದ ಉದ್ದೇಶ ಬರೆಯುವಾಗ ನಿಂಗಣ್ಣ ಮೊದಲು ‘ಅಸೂಯೆ’ ಎಂದು ಬರೆದರು. ಅದನ್ನು ಹೊಡೆದುಹಾಕಿ, 1991ರಲ್ಲಿ ಆರೋಪಿಗೆ ಬಂದ ಪತ್ರ ಆರೋಪಿಯ ಕೈಗೆ ಸೇರಿರಲಿಲ್ಲ ಎಂದಷ್ಟೇ ಬರೆದು ಸಹಿ ಹಾಕಿದರು.