ಭಾನುವಾರದ ಬಿಸಿಲು

ಸೋಮವಾರ ಬೆಳಿಗ್ಗೆ ಎಂಟೂವರೆಗೆ ಹಾಪಾಯ್ ದ್ವೀಪದ ಠಾಣೆಗೆ ದೂರು ಬಂತು. ತಂದವಳು ಡಾ. ಲೂಪೆ. ಊರಿನ ಸೌರ ವಿದ್ಯುತ್ ಸಂಶೋಧನೆಯ ಮುಖ್ಯಸ್ಥೆ, ಆ ಊರಿನದೇ ಹೆಣ್ಣು.

"ನಾಲ್ಕು ಭಾನುವಾರದಿಂದ ಹಗಲು ಫಲಕಗಳು ಕರೆಂಟು ಕೊಡ್ತಿಲ್ಲ. ನಿನ್ನೆ ರಾತ್ರಿ ಬ್ಯಾಟರಿ ಪೂರ್ತಿ ಇಳೀತು. ಆಸ್ಪತ್ರೆ ಫ್ರಿಜ್‌ನಲ್ಲಿದ್ದ ಮಕ್ಕಳ ಲಸಿಕೆ ಹಾಳು. ಈ ಭಾನುವಾರವೂ ಹೀಗಾದ್ರೆ ಸರ್ಕಾರದೋರು ಫಲಕನೆಲ್ಲ ಕಿತ್ಕೊಂಡು ಬೇರೆ ದ್ವೀಪಕ್ಕೆ ಒಯ್ತಾರೆ."

"ಭಾನುವಾರ ಹೋಗಿ ನೋಡಿದ್ರಾ?"

"ಭಾನುವಾರ ಕೆಲಸಕ್ಕೆ ಹೋಗೋದಾ, ಸಾರ್!"

ಆ ದ್ವೀಪದಲ್ಲಿ ಭಾನುವಾರ ದುಡಿಯುವುದು ಪಾಪವೆಂದು ಇನ್ಸ್‌ಪೆಕ್ಟರ್ ಫಿನೌನಿಗೂ ಗೊತ್ತಿತ್ತು. ಚರ್ಚು, ಊಟ, ನಿದ್ದೆ; ಅವನ ಭಾನುವಾರವೂ ಅಷ್ಟೇ. ಎಫ್‌ಐಆರ್ ಆಯಿತು.

ಪಂಚನಾಮೆಗೆ ಹೋದಾಗ ಬೇಲಿಯ ಬೀಗ ಸರಿಯಾಗಿತ್ತು. ಒಂದು ಫಲಕ ಬಿರುಕು ಬಿಟ್ಟಿತ್ತು, ಪಕ್ಕದಲ್ಲಿ ಒಂದು ಕಲ್ಲು. ಕಾನ್‌ಸ್ಟೇಬಲ್ ಟೆವಿಟಾ ಚೌಕಟ್ಟಿನ ಸಂದಿಯಿಂದ ಕೇದಗೆ ಎಲೆಯ ಎಳೆಯೊಂದನ್ನು ಎಳೆದು ತೆಗೆದ.

"ಚಾಪೆಯದ್ದು ಸಾರ್. ಡೀಸೆಲ್ ಮಾರೋನದೇ ಕೆಲಸ. ಊರಿಗೆ ಬಿಸಿಲ ಕರೆಂಟು ಬಂದಾಗಿಂದ ಅವನ ಮುಖ ಹುಳ್ಳಗಾಗಿದೆ."

"ಭಾನುವಾರ ಅವನು ಚರ್ಚಲ್ಲಿ ನಿನ್ನ ಪಕ್ಕದಲ್ಲೇ ನಿಂತು ಹಾಡ್ತಾನಲ್ಲೋ. ಡಾಕ್ಟ್ರೇ, ಕೀಲಿ ಯಾರ ಹತ್ರ?"

"ನಮ್ಮ ಮನೇಲಿ, ಮೊಳೆಗೆ ತೂಗಿರುತ್ತೆ."

"ಮನೇಲಿ ಯಾರಿದ್ದಾರೆ?"

"ಕಲೊಲೈನೆ ಅತ್ತೆ." ಲೂಪೆಯ ದನಿ ಇಳಿಯಿತು. "ಅಪ್ಪನ ಅಕ್ಕ. ಅವರನ್ನ ನಾನು ಹೆಂಗೆ ಕೇಳಲಿ, ಸಾರ್?"

ಫಿನೌನಿಗೂ ಅತ್ತೆ ಇದ್ದಳು. ಅಪ್ಪನ ಅಕ್ಕನೆಂದರೆ ಮನೆಗೇ ದೊಡ್ಡವಳು; ಆಕೆಯೆದುರು ನಿಲ್ಲುವುದು ಅಗೌರವವೆಂದು ಅವನ ಅಪ್ಪನೂ ನೆಲದಲ್ಲಿ ಕುಳಿತೇ ಮಾತಾಡುತ್ತಿದ್ದ. ಚಾಪೆಯ ಎಳೆ ಹಿಡಿದು ಅಂಥ ಹೆಂಗಸನ್ನು ಠಾಣೆಗೆ ಕರೆಯುವಂತಿರಲಿಲ್ಲ. ಕಣ್ಣಾರೆ ಕಾಣಬೇಕಿತ್ತು.

ಭಾನುವಾರ ಬೆಳಗಾಗುತ್ತಲೇ ಫಿನೌ, ಟೆವಿಟಾ ಇಬ್ಬರೂ ಹಲಸಿನ ಜಾತಿಯ ದೊಡ್ಡ ಮರವೊಂದರ ಹಿಂದೆ ಕೂತರು. ಚರ್ಚಿನ ಮೊದಲ ಗಂಟೆಗೆ ಮುಂಚೆ ಕಲೊಲೈನೆ ಕೈಗಾಡಿ ತಳ್ಳಿಕೊಂಡು ಬಂದಳು. ಬೀಗ ತೆಗೆದಳು. ಸಾಲು ಸಾಲಾಗಿ ಚಾಪೆ ಹೊದಿಸಿ, ಹಾರದಂತೆ ಕಲ್ಲಿಟ್ಟಳು.

"ಅಮ್ಮಾ, ನಿಲ್ಲಿ."

"ಏನೋ ಫಿನೌ, ಭಾನುವಾರ ಪೊಲೀಸರಿಗೂ ರಜೆ ಇಲ್ವಾ?"

"ಕಳ್ಳರು ರಜೆ ಹಾಕಿದ್ರೆ ನಾವೂ ಹಾಕ್ತೀವಿ," ಎಂದ ಟೆವಿಟಾ. ಅವಳು ನೋಡಿದ ನೋಟಕ್ಕೆ ಟೋಪಿ ತೆಗೆದ.

"ಯಾಕೆ ಮುಚ್ಚಿದ್ರಿ?"

"ಚರ್ಚಲ್ಲಿ ಹೆಂಗಸರು ಏನಂತಾರೆ ಗೊತ್ತಾ? ಲೂಪೆ ಮಷೀನು ಭಾನುವಾರನೂ ದುಡಿಯುತ್ತೆ, ಓದಿದವಳಿಗೆ ದೇವರ ಭಯ ಇಲ್ಲ ಅಂತ. ನಾನು ಸಾಕಿದ ಹುಡುಗಿ ಕಣೋ. ಈಗ ಅನ್ನಲಿ ನೋಡೋಣ! ಮುಚ್ಚಿದೀನಿ ಅಂತ ನಾನೇ ಹೇಳಿದೀನಿ ಅವರಿಗೆ."

"ಊರ ಹೆಂಗಸರಿಗೆಲ್ಲ ಗೊತ್ತಾ?"

"ಲೂಪೆಗೆ ಬಿಟ್ಟು."

"ಲಸಿಕೆ ಹಾಳಾಯ್ತು, ಅಮ್ಮಾ."

"ಶನಿವಾರ ತುಂಬಿಟ್ಟ ಕರೆಂಟು ಭಾನುವಾರಕ್ಕೆ ಸಾಲಲ್ವಾ?" ಅವಳ ಮುಖ ಮೊದಲ ಬಾರಿ ಬಾಡಿತು.

ಫಿನೌ ಬಂಧನದ ಮಾತು ಹೇಳಿದ. ಅವಳು ಅಲ್ಲಿನ ರೂಢಿಯಂತೆ ಚರ್ಚಿಗೆಂದು ಸೊಂಟಕ್ಕೆ ಸುತ್ತಿದ್ದ ಚಾಪೆ ಸರಿಪಡಿಸಿಕೊಂಡು ತಾನೇ ಜೀಪಿನ ಮುಂದಿನ ಸೀಟಿನಲ್ಲಿ ಕೂತಳು.

ಅಷ್ಟರಲ್ಲಿ ಚರ್ಚಿಗೆ ಹೊರಟಿದ್ದ ಊರು ಬೇಲಿಯ ಬಳಿ ನಿಂತಿತ್ತು. ಲೂಪೆ ಜನರನ್ನು ಸರಿಸಿಕೊಂಡು ಬಂದಳು. ಅತ್ತೆಯ ಕಡೆ ತಲೆಯೆತ್ತಿ ನೋಡಲಿಲ್ಲ. ಬಿಳಿ ಬಟ್ಟೆಯ ತೋಳು ಮಡಿಸಿ, ಎಲ್ಲರೆದುರು, ಭಾನುವಾರವೇ, ಒಂದೊಂದೇ ಚಾಪೆ ಎಳೆದು ಹಾಕಿದಳು.

ಹೇಳಿಕೆಯಲ್ಲಿ ಕಲೊಲೈನೆ ಎಲ್ಲವನ್ನೂ ಒಪ್ಪಿಕೊಂಡಳು. ತಮ್ಮನ ಮಗಳ ಹೆಸರಿಗೆ ಮಸಿ ತಾಗಬಾರದೆಂಬುದೇ ಕಾರಣವೆಂದು ಫಿನೌ ಬರೆದುಕೊಂಡ.

"ಆಸ್ಪತ್ರೇಲಿ ಕರೆಂಟು ಬಂತಾ?"

"ಬಂತು, ಅಮ್ಮಾ. ಮಷೀನು ಇಲ್ಲೇ ಇರುತ್ತೆ."

ಅವಳು ಟೆವಿಟಾನ ಕಡೆ ತಿರುಗಿದಳು.

"ನೋಡಿದೆಯೇನೋ ಅವಳನ್ನ? ಇಡೀ ಊರು ನಿಂತಿತ್ತು. ಯಾರಿಗೂ ಹೆದರಲಿಲ್ಲ. ನಾನು ಸಾಕಿದ ಹುಡುಗಿ."